ಹೆಸರು ಕೊರೆಸಿದ ಗ್ಲಾಸು

ಸಿದ್ಧರಾಮನದು ಉಡದ ಪಟ್ಟು. ಬಸವನ ಬಾಗೇವಾಡಿಯಿಂದ ಮನಗೂಳಿ ಕಡೆಗೆ ಹೋಗುವ ದಾರಿಯ ಡಿಗ್ರಿ ಕಾಲೇಜೊಂದರಲ್ಲಿ ಅವನು ಸಸ್ಯಶಾಸ್ತ್ರದ ಮಾಸ್ತರ. ಅಲ್ಲಿಯ ಹಸಿರು ಕ್ಯಾಂಪಸ್ ಸಮಿತಿಗೂ ಅವನೇ ಯಜಮಾನ. ಬೇರೆ ಕಡೆ ಇಂಥ ಸಮಿತಿ ಎಂದರೆ ವರ್ಷಕ್ಕೊಂದು ಸಸಿ, ಒಂದು ಫೋಟೊ, ಒಂದು ತಟ್ಟೆ ಉಪ್ಪಿಟ್ಟು, ಮುಗಿಯಿತು. ಇವನು ಹಾಗೆ ಬಿಡುವ ಗಿರಾಕಿಯಲ್ಲ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಪ್ರಿನ್ಸಿಪಾಲರನ್ನೂ ಬಿಡದೆ ಕೇಳುತ್ತಿದ್ದ. ಶನಿವಾರ ಯಾರೂ ಬೈಕು ತರಬಾರದು ಎಂದು ಸಾರಿ, ತಾನೇ ಇಂಗಳೇಶ್ವರ ದಾರಿಯ ಮನೆಯಿಂದ ಸೈಕಲ್ ತುಳಿದು ಬೆವರೊರೆಸಿಕೊಳ್ಳುತ್ತ ಬಂದ. ಹುಡುಗರು ಹಿಂದಿನಿಂದ ನಕ್ಕರು. ಆದರೂ ಹತ್ತು ಹದಿನೈದು ಮಂದಿ ತಾವೂ ಸೈಕಲ್ ಹತ್ತಿದರು.

ಅವನ ಕಣ್ಣಿಗೆ ಚುಚ್ಚುತ್ತಿದ್ದುದು ಕಾಗದದ ಕಪ್ಪುಗಳು. ಕ್ಯಾಂಟೀನಿನ ಹಿಂದೆ ಅವುಗಳ ಗುಡ್ಡೆಯೇ ಬಿದ್ದಿರುತ್ತಿತ್ತು. ತಳದಲ್ಲಿ ಉಳಿದ ಚಹದ ಸಿಹಿಗೆ ಆಡುಗಳು ಬಂದು ಕಪ್ಪು ಸಮೇತ ನುಂಗುತ್ತಿದ್ದವು. ಒಂದು ದಿನ ಹಾಲು ಕೊಡುವ ಆಡೊಂದು ಹೊಟ್ಟೆ ಉಬ್ಬಿ ಗೇಟಿನ ಹತ್ತಿರವೇ ಸತ್ತುಬಿತ್ತು. ಕುರಿ ಆಡು ಸಾಕಿದವರ ಮನೆತನದಲ್ಲಿ ಹುಟ್ಟಿದವನಿಗೆ ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ಮರುದಿನವೇ ಹುಕುಂ ಹೊರಟಿತು. ಕಾಗದದ ಕಪ್ಪು ಬಂದ್. ಪ್ರತಿಯೊಬ್ಬರೂ ಮನೆಯಿಂದ ಒಂದು ಸ್ಟೀಲ್ ಗ್ಲಾಸು ತರಬೇಕು. ಗ್ಲಾಸಿನ ಕಂಠಕ್ಕೆ ಒಂದು ದಾರ, ಕ್ಯಾಂಟೀನಿನ ಗೋಡೆಯ ಮೇಲೆ ಒಂದು ಮೊಳೆ, ಮೊಳೆಯ ಕೆಳಗೆ ಬಣ್ಣದಲ್ಲಿ ಹೆಸರು. 'ಕುಡಿ, ತೊಳಿ, ತೂಗಹಾಕು' ಎಂದು ಗೋಡೆಗೆ ಬರೆಸಿದ. ಈ ಮೊಳೆಯ ಉಪಾಯ ಎಲ್ಲಿಂದ ಹೊಳೆಯಿತು ಎಂದು ಯಾರೋ ಕೇಳಿದಾಗ, ಅವನು ಮೀಸೆ ಸವರಿಕೊಂಡು, "ತಲಿ ಓಡಸ್ಬೇಕಪಾ" ಎಂದ.

ಮಾಸ್ತರರ ಗ್ಲಾಸುಗಳು ಕೌಂಟರಿನ ಪಕ್ಕದ ಗೋಡೆಗೆ, ಹುಡುಗರದು ಒಳಗಿನ ಉದ್ದ ಗೋಡೆಗೆ. ಅಷ್ಟರಲ್ಲಿ ಗೋಡೆಗಳು ತುಂಬಿಹೋದವು. ಹೀಗಾಗಿ ಸಿಪಾಯಿಗಳು, ಕಸ ಗುಡಿಸುವವರು, ತೋಟದವರು, ಇವರ ಮೊಳೆಗಳು ಹಿಂಬಾಗಿಲ ಹೊರಗೆ, ನಲ್ಲಿಯ ಬದಿಯ ಗೋಡೆಗೆ ಹೋದವು. ಬೇರೆ ಉದ್ದೇಶವೇನೂ ಇರಲಿಲ್ಲ. ಒಳಗೆ ಜಾಗ ಇರಲಿಲ್ಲ, ಅಷ್ಟೇ. ಸಿದ್ಧರಾಮ ಆಮೇಲೆ ಈ 'ಅಷ್ಟೇ' ಎಂಬ ಮಾತನ್ನು ಎಷ್ಟು ಸಲ ತನಗೆ ತಾನೇ ಹೇಳಿಕೊಂಡನೋ, ಒಂದು ಸಲವೂ ಅದು ಗಂಟಲಲ್ಲಿ ಇಳಿಯಲಿಲ್ಲ.

ಒಂದು ತಿಂಗಳಲ್ಲಿ ಕಪ್ಪಿನ ಗುಡ್ಡೆ ಕರಗಿತು. ಎಲ್ಲ ಮೊಳೆಗಳಿಗೂ ಗ್ಲಾಸು ಬಿತ್ತು, ಹಿಂದಿನ ಗೋಡೆಯ ಕೊನೆಯ ಮೊಳೆಯೊಂದನ್ನು ಬಿಟ್ಟು. ಅದರ ಕೆಳಗಿದ್ದ ಹೆಸರು ಭೀಮಶ್ಯಾ.

ಭೀಮಶ್ಯಾ ಎಂದರೆ ಆ ಕಾಲೇಜಿನ ಹಳೆಯ ಸಿಪಾಯಿ. ಗಂಟೆ ಹೊಡೆಯುವವನು ಅವನೇ, ಬೀಗ ತೆಗೆಯುವವನೂ ಅವನೇ. ಬರುವ ಮಾರ್ಚಿಗೆ ನಿವೃತ್ತಿ. ನಿಜ ಹೇಳಬೇಕೆಂದರೆ, ಸಮಿತಿ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಸಮಿತಿ ಹೇಳುವುದನ್ನೆಲ್ಲ ಈ ಮನುಷ್ಯ ಮಾಡಿ ಮುಗಿಸಿದ್ದ. ಕೈ ತೊಳೆದ ನೀರು ಹರಿದು ಹಾಳಾಗದಂತೆ ಸಣ್ಣ ಕಾಲುವೆ ತೋಡಿ ಬೇವಿನ ಗಿಡಗಳಿಗೆ ತಿರುಗಿಸಿದ್ದ; ಇವತ್ತು ಸೈಕಲ್ ನಿಲ್ಲಿಸುವ ನೆರಳೆಲ್ಲ ಆ ಗಿಡಗಳದ್ದೇ. ಒಂದೇ ಮಗ್ಗುಲು ಬರೆದು ಬಿಸಾಡಿದ ಹಾಳೆಗಳನ್ನು ಆರಿಸಿ, ದಬ್ಬಳದಿಂದ ಹೊಲಿದು ಮಗಳಿಗೆ ನೋಟ್‌ಬುಕ್ ಮಾಡಿಕೊಡುತ್ತಿದ್ದ. ಮುರಿದ ಬೆಂಚು ಅವನ ಕೈಗೆ ಸಿಕ್ಕರೆ ಸ್ಟೂಲಾಗಿ ಹೊರಬರುತ್ತಿತ್ತು. ಎಡಗೈಯ ಉಂಗುರ ಬೆರಳು ಅರ್ಧವೇ ಇತ್ತು. ಯಾಕೆ ಎಂದು ಸಿದ್ಧರಾಮ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತನಗಿಂತ ಹನ್ನೆರಡು ಹದಿಮೂರು ವರ್ಷ ದೊಡ್ಡವನನ್ನು 'ನೀ' ಎಂದೇ ಮಾತಾಡಿಸುತ್ತಿದ್ದ. ಸಿಪಾಯಿಯನ್ನು ಹಾಗೆ ಮಾತಾಡಿಸುವುದು ಎಲ್ಲರ ರೂಢಿ.

"ಭೀಮಶ್ಯಾ, ನಿನ್ನ ಗ್ಲಾಸ್ ಎಲ್ಲೋ?"

"ತರ್ತೇನ್ರಿ ಸರ್."

ವಾರ ಕಳೆದು ಮತ್ತೆ ಕೇಳಿದರೆ, "ಮರ್ತೇನ್ರಿ." ಮೂರನೆಯ ಸಲ ಕೇಳಿದಾಗ ಭೀಮಶ್ಯಾ ನೆಲ ನೋಡುತ್ತ, "ಚಾ ಬಿಟ್ಟೇನ್ರಿ ಸರ್. ಪಿತ್ತ ಆಗ್ತೈತಿ" ಎಂದ.

ಅದೇ ದಿನ ಮಧ್ಯಾಹ್ನ ಸಿದ್ಧರಾಮ ಗೇಟಿನಾಚೆ ನೋಡಿದರೆ, ರಸ್ತೆಯ ಆ ಬದಿಗೆ ಶಹಾಬುದ್ದೀನನ ಚಹದಂಗಡಿಯ ಬೆಂಚಿನ ಮೇಲೆ ಭೀಮಶ್ಯಾ ಆರಾಮಾಗಿ ಕೂತು ಚಹ ಕುಡಿಯುತ್ತಿದ್ದ. ಅಲ್ಲಿ ಗಾಜಿನ ಗ್ಲಾಸು. ಲಾರಿಯವನು ಕುಡಿದು ಇಟ್ಟದ್ದನ್ನೇ ಬಕೆಟಿನಲ್ಲಿ ಜಾಲಿಸಿ ಮಾಸ್ತರನಿಗೂ ಕೊಡುತ್ತಾರೆ, ಸಿಪಾಯಿಗೂ ಕೊಡುತ್ತಾರೆ. ಸಿದ್ಧರಾಮನಿಗೆ ಮೈ ಉರಿಯಿತು. ಆ ಬಕೆಟ್ ನೀರು ನಡೆಯುತ್ತದೆ, ನಾನು ಹೇಳಿದ್ದು ಮಾತ್ರ ನಡೆಯುವುದಿಲ್ಲ, ಮೇಲೆ ಪಿತ್ತದ ಸುಳ್ಳು ಬೇರೆ. ಇಡೀ ಕಾಲೇಜು ಬಗ್ಗಿದೆ, ಇವನೊಬ್ಬ ಬಗ್ಗುವುದಿಲ್ಲ ಎಂದುಕೊಂಡ. ಹೌದು, 'ಬಗ್ಗುವುದಿಲ್ಲ' ಎಂಬ ಮಾತೇ ಅವನ ತಲೆಯಲ್ಲಿ ಬಂದದ್ದು.

ಭೀಮಶ್ಯಾನ ಮಗಳು ಪ್ರಜ್ಞಾ ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ. ಸಮಿತಿಯ ಹುಡುಗರಲ್ಲಿ ಎಲ್ಲರಿಗಿಂತ ಚುರುಕು. ಗೋಡೆಯ ಮೇಲಿನ ಹೆಸರುಗಳನ್ನೆಲ್ಲ ಬರೆದವಳೇ ಅವಳು. ತನ್ನಪ್ಪನ ಹೆಸರನ್ನು ಉಳಿದವಕ್ಕಿಂತ ಒಂದಿಷ್ಟು ಚೆಂದವಾಗಿಯೇ ಬರೆದಿದ್ದಳು. ಸಿದ್ಧರಾಮ ಅವಳನ್ನು ಕರೆದು, "ನಿಮ್ಮಪ್ಪಗ ಸಮಿತಿಯಿಂದ ಒಂದು ಗ್ಲಾಸ್ ಕೊಡೂನು. ಸ್ಟೇಜಿನ ಮ್ಯಾಲ, ಎಲ್ಲಾರೆದುರಿಗೆ" ಎಂದ. ಅವಳ ಮುಖ ಅರಳಿತು.

"ಅಪ್ಪಗ ಮದ್ಲ ಹೇಳಬ್ಯಾಡ್ರಿ ಸರ್. ನಾ ಹೆಸರ ಕೊರಿಸ್ಕೊಂಡ ಬರ್ತೇನಿ."

ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ನಮ್ಮ ಕಡೆ ಇದ್ದದ್ದೇ. ಪ್ರಜ್ಞಾ ಬಜಾರಿನ ಪಾತ್ರೆ ಅಂಗಡಿಗೆ ಹೋಗಿ, ದಪ್ಪ ತಳದ ಗ್ಲಾಸು ಆರಿಸಿ, ಅದರ ಮೈಮೇಲೆ 'ಭೀಮಶ್ಯಾ' ಎಂದು ಚುಕ್ಕೆ ಚುಕ್ಕೆಯಾಗಿ ಕೊರೆಸಿಕೊಂಡು ಬಂದಳು.

ಸಮಿತಿಯ ವಾರ್ಷಿಕ ಕಾರ್ಯಕ್ರಮದ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಾಲೇಜುಗಳಿಂದಲೂ ಹುಡುಗರು ಬಂದಿದ್ದರು. ಬಯಲಲ್ಲಿ ಎದೆಯೆತ್ತರದ ಕಟ್ಟೆಯೇ ಸ್ಟೇಜು. ಪ್ರಿನ್ಸಿಪಾಲರು ಬಸವಣ್ಣ ಹುಟ್ಟಿದ ನೆಲದಲ್ಲಿ ನಾವಿದ್ದೇವೆ ಎಂದು ಶುರುಮಾಡಿ, ಭೂಮಿಯ ಬಿಸಿ ಏರುತ್ತಿದೆ ಎಂದು ಮುಗಿಸಿದರು. ಆಮೇಲೆ ಸಿದ್ಧರಾಮ ಮೈಕು ಹಿಡಿದ.

"ನಮ್ಮ ಕಾಲೇಜಿನ್ಯಾಗ ಒಂದ ಮೊಳಿ ಇನ್ನೂ ಖಾಲಿ ಐತಿ," ಎಂದ. ಜನ ನಕ್ಕರು. "ಅದನ್ನ ಇವತ್ತು ತುಂಬತೇವಿ. ಭೀಮಶ್ಯಾ, ಮ್ಯಾಲ ಬಾ."

ಭೀಮಶ್ಯಾ ಗಂಟೆಯ ಕಂಬದ ಹತ್ತಿರ ನಿಂತಿದ್ದ. ಬಂದ, ಆದರೆ ಮೇಲೆ ಹತ್ತಲಿಲ್ಲ. ಕಟ್ಟೆಯ ಕೆಳಗೇ ನಿಂತ. ಸಿದ್ಧರಾಮ ಅಂಚಿಗೆ ಬಂದು ಗ್ಲಾಸು ಚಾಚಿದ. ಹೆಸರನ್ನು ಮೈಕಿನಲ್ಲಿ ಓದಿ ಹೇಳಿದ. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಉಡದ ಪಟ್ಟು ಎಂದೆನಲ್ಲ. ಕ್ಯಾಂಟೀನಿನ ಇಂದುಬಾಯಿ ಅತಿಥಿಗಳಿಗೆಂದು ತಂದಿಟ್ಟಿದ್ದ ಚಹದ ಕಿಟ್ಲಿಯನ್ನೆತ್ತಿಕೊಂಡು, "ಹಿಡಿ, ಮದ್ಲನೇ ಚಾ ನನ್ನ ಕೈಲೇ ಆಗ್ಲಿ" ಎಂದ.

ಕಿಟ್ಲಿ ಕೈಗೆ ಬಂತೆಂದರೆ ಸಿದ್ಧರಾಮನ ಕೈ ತಾನೇ ಮೇಲೇರುತ್ತದೆ, ಹೊಟೇಲಿನವನ ಮಗ. ಮೇಲಿನಿಂದ ಸಣ್ಣ ಧಾರೆ ಬಿಟ್ಟ. ಕೆಳಗೆ ಭೀಮಶ್ಯಾನ ಮೊಣಕಾಲು ಮಡಚಿಕೊಂಡವು. ಯಾರೂ ಹೇಳಿರಲಿಲ್ಲ. ನಡು ಬಗ್ಗಿತು, ಎರಡೂ ಕೈ ಗ್ಲಾಸನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದವು, ಉಸಿರು ಎತ್ತಲೂ ತಾಗಬಾರದೆಂಬಂತೆ ಮುಖ ಒಂದು ಕಡೆ ತಿರುಗಿತು. ಗ್ಲಾಸಿನ ಸುತ್ತ ಒಂಬತ್ತೂವರೆ ಬೆರಳು.

"ಕಾಕಾ ನಾಚ್ಯಾನ ನೋಡ್ರಿ," ಎಂದು ಹುಡುಗರ ನಡುವಿನಿಂದ ಯಾರೋ ಕೂಗಿದರು. ಬಯಲೆಲ್ಲ ನಗೆ. ಮುಂದಿನ ಸಾಲಿನಲ್ಲಿ ಪ್ರಜ್ಞಾ ನಗುತ್ತ ನಗುತ್ತಲೇ ಮೊಬೈಲಿನಲ್ಲಿ ಫೋಟೊ ಹೊಡೆದಳು.

ಸಿದ್ಧರಾಮ ಧಾರೆ ನಿಲ್ಲಿಸಿದ. ಈ ಬಗ್ಗಿದ ಮೈಯನ್ನು ಅವನು ಮೊದಲು ನೋಡಿದ್ದ. ಇದೇ ಎತ್ತರದಿಂದ, ಇದೇ ಬೆರಳುಗಳ ಮೇಲೆ.

ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ದಾರಿಯ ಒಂದು ಕ್ರಾಸು. ಊರಿನ ಹೆಸರು ಯಾಕೆ, ಆ ಕಾಲಕ್ಕೆ ಎಷ್ಟೋ ಕ್ರಾಸುಗಳಲ್ಲಿ ಅದೇ ಕಥೆ. ಅಲ್ಲಿ ಸಿದ್ಧರಾಮನ ಅಪ್ಪ ಅಮೋಘಸಿದ್ಧನ ಚಹದ ಹೊಟೇಲಿತ್ತು. ಒಳಗೆ ಕೂಡಲು ಬಾಕು, ಕುಡಿಯಲು ಕಪ್ಪು-ಬಸಿ. ಹೊರಗೆ ಹಿಂದಿನ ಗೋಡೆಗೆ ಸಾಲು ಮೊಳೆ, ಮೊಳೆಗೆ ಸೊಟ್ಟಬಿದ್ದ ಜರ್ಮನ್, ಅಂದರೆ ಅಲ್ಯೂಮಿನಿಯಂ ಗ್ಲಾಸುಗಳು. ಊರ ಹೊರಗಿನ ಕೇರಿಯವರು ಬಂದರೆ ತಮ್ಮ ಗ್ಲಾಸು ತಾವೇ ಇಳಿಸಿಕೊಳ್ಳಬೇಕು, ಕುಡಿಯಬೇಕು, ತೊಳೆಯಬೇಕು, ತಿರುಗಿ ತೂಗುಹಾಕಿ ಹೋಗಬೇಕು. ಅವರಿಗೆ ಚಹ ಹಾಕುವ ಕೆಲಸ ಹತ್ತು ವರ್ಷದ ಸಿದ್ಧರಾಮನದು. "ಕಿಟ್ಲಿ ತಾಗಬಾರದು. ಎತ್ತರದಿಂದ ಬಿಡು," ಎಂದು ಅಪ್ಪ ಕಲಿಸಿದ್ದ. ಹುಡುಗ ಆಟ ಬಿಟ್ಟು ಓಡಿಬಂದು, ಹೊಟೇಲಿನ ಎತ್ತರದ ಕಟ್ಟೆಯ ಮೇಲೆ ನಿಂತು, ಧಾರೆ ಬಿಟ್ಟು, ಮತ್ತೆ ಆಟಕ್ಕೆ ಓಡುತ್ತಿದ್ದ. ಒಂದು ಬೇಸಿಗೆ ರಸ್ತೆ ಕೆಲಸದವರ ಗುಂಪು ಬಂದಿತ್ತು. ಅವರಲ್ಲೊಬ್ಬ ಹರೆಯದವನ ಬೆರಳು ಕಲ್ಲಿಗೆ ಸಿಕ್ಕು ಅರ್ಧ ಹೋಗಿತ್ತು. ಅರಿವೆ ಸುತ್ತಿಕೊಂಡೇ ಚಹಕ್ಕೆ ಬಂದು, ಮೊಳೆಯ ಗ್ಲಾಸು ಇಳಿಸಿ, ಕಟ್ಟೆಯ ಕೆಳಗೆ ಬಗ್ಗಿ ಹಿಡಿದಿದ್ದ. ಹುಡುಗನ ಗುರಿ ತಪ್ಪಿ ಸುಡುಸುಡುವ ಚಹ ಆ ಅರಿವೆಯ ಮೇಲೆ ಬಿತ್ತು. ಅವನು ಗ್ಲಾಸು ಬಿಡಲಿಲ್ಲ. "ಏನ ಆಗಿಲ್ರಿ ಸಣ್ಣ ಧಣ್ಯಾರ," ಎಂದ. ಆಗ ತಾನು ನಕ್ಕಿದ್ದು ಸಿದ್ಧರಾಮನಿಗೆ ನೆನಪಾಯಿತು. ತನ್ನ ತಲೆಯಲ್ಲಿ ಹೊಳೆದ ಉಪಾಯ ಎಂದು ಮೀಸೆ ಸವರಿಕೊಂಡಿದ್ದನಲ್ಲ, ಆ ಮೊಳೆಗಳು ಎಲ್ಲಿಂದ ಬಂದವು ಎಂಬುದೂ ತಿಳಿಯಿತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಕರೆದವರಿಗೆಲ್ಲ ಬಾಯಿ ಬಿಡುವುದಿಲ್ಲ. ಅತಿಥಿಗಳು ಕಾಯುತ್ತಿದ್ದರು, ಅವನು ಕಿಟ್ಲಿ ಇಟ್ಟು ಉಳಿದ ಭಾಷಣ ಮುಗಿಸಿದ. ಏನು ಹೇಳಿದನೋ ಅವನಿಗೇ ಗೊತ್ತಿಲ್ಲ.

ಮಧ್ಯಾಹ್ನ ಭೀಮಶ್ಯಾ ಬೇವಿನ ಗಿಡದ ಕೆಳಗೆ ಬಿದ್ದ ಎಲೆಗಳನ್ನು ಬಾರಿಗೆಯಿಂದ ಗೂಡಿಸುತ್ತಿದ್ದ. ಗ್ಲಾಸು ಟವೆಲಿನಲ್ಲಿ ಸುತ್ತಿ ಸ್ಟೂಲಿನ ಮೇಲಿತ್ತು. ಸಿದ್ಧರಾಮ ಎದುರಿಗೆ ಹೋಗಿ ನಿಂತ.

"ಕಾಕಾ," ಎಂದ. ಹನ್ನೆರಡು ವರ್ಷದಲ್ಲಿ ಅದೇ ಮೊದಲು.

ಭೀಮಶ್ಯಾ ಗೂಡಿಸುವುದನ್ನು ನಿಲ್ಲಿಸಿದ. "ನೆನಪಾತೇನ್ರಿ?"

"ನಿಮಗ ಯಾವಾಗ ಗುರ್ತ ಹತ್ತಿತ್ತು?"

"ನೀವು ಕೆಲಸಕ್ಕ ಸೇರಿದ ದಿನಾನ ರೀ. ನಿಮ್ಮ ಕಾಗದಾ ಆಫೀಸಿಗೆ ಒಯ್ದವ ನಾನಲ್ರಿ? ಅಪ್ಪನ ಹೆಸರ ಅಮೋಘಸಿದ್ಧ, ಊರ ಇಂಥಾದ್ದು ಅಂತಿತ್ತು. ಕ್ರಾಸಿನ ಹೊಟೇಲ್ ಹುಡುಗ ಮಾಸ್ತರ ಆಗಿ ಬಂದಾನ ಅಂತ ಮನಿಗೆ ಹೋಗಿ ಶೆಟ್ಟೆವ್ವಗ ಹೇಳಿದೆ." ಶೆಟ್ಟೆವ್ವ ಅವನ ಹೆಂಡತಿ.

"ಒಂದ ಮಾತ ನನಗ ಹೇಳಬೇಕಿತ್ತಲ್ಲ ಕಾಕಾ."

"ಏನಂತ ಹೇಳ್ಲಿ?"

ಭೀಮಶ್ಯಾ ಬಾರಿಗೆ ಗಿಡಕ್ಕೆ ಆನಿಸಿಟ್ಟ.

"ನೀವು ಬೇಕಂತ ಮಾಡಿಲ್ಲ, ಗೊತ್ತೈತಿ. ಆದ್ರ ಹಿಂದಿನ ಗೋಡಿಗೆ ಮೊಳಿ ನೋಡಿ ಆ ಕ್ರಾಸಿನ ಗೋಡಿನ ಕಣ್ಣ ಮುಂದ ಬಂತ್ರಿ. ಮನ್ಯಾಗ ಗ್ಲಾಸ್ ಅದಾವು, ತರಾಕ ಕೈ ಬರ್ಲಿಲ್ಲ. ಶಹಾಬುದ್ದೀನನ ಕಡೆ ಎಲ್ಲಾರೂ ಕುಡ್ಯೂ ಗ್ಲಾಸಿನ್ಯಾಗ ನಾನೂ ಕುಡೀತೇನಿ. ಅಷ್ಟರ ಸಲುವಾಗಿ ರಸ್ತಾ ದಾಟತೇನ್ರಿ, ಚಾದ ಸಲುವಾಗಿ ಅಲ್ಲ."

"ತಪ್ಪಾತು," ಎಂದ ಸಿದ್ಧರಾಮ. ಅವನ ಕಣ್ಣು ತುಂಬಿದ್ದವು. "ನಾಳೆ ಪ್ರಾರ್ಥನಾದಾಗ ಎಲ್ಲಾರೆದುರಿಗೆ ಹೇಳ್ತೇನಿ. ನಮ್ಮ ಹೊಟೇಲಿಂದ ಹಿಡಿದು ಎಲ್ಲಾ ಹೇಳಿ ಕೈ ಮುಗೀತೇನಿ."

ಇಷ್ಟು ಹೊತ್ತು ಶಾಂತವಾಗಿದ್ದ ಭೀಮಶ್ಯಾನ ಮುಖದಲ್ಲಿ ಆಗ ಹೆದರಿಕೆ ಕಂಡಿತು. ಹತ್ತಿರ ಬಂದು ದನಿ ತಗ್ಗಿಸಿದ.

"ಬ್ಯಾಡ್ರಿ. ಪ್ರಜ್ಞಾಗ ಗೊತ್ತಿಲ್ಲ. ಅಕಿ ಪುಸ್ತಕದಾಗ ಎಲ್ಲಾ ಓದ್ಯಾಳ, ಭಾಷಣಾನೂ ಮಾಡ್ತಾಳ. ಆದ್ರ ಹಂಗ ಬಗ್ಗಿ ನಿಂತವ್ರಾಗ ತಮ್ಮಪ್ಪನೂ ಒಬ್ಬ ಅಂತ ಗೊತ್ತಿಲ್ರಿ. ನಾ ಊರ ಬಿಟ್ಟು ಬಾಗೇವಾಡಿಗೆ ಬಂದದ್ದ ಅದಕ್ಕ. ಇಪ್ಪತ್ತ ವರ್ಷ ಬಾಯಿ ಮುಚ್ಕೊಂಡ ಕಾದೇನಿ. ನೀವು ಹೇಳಿದ್ರ ನಿಮಗ ಹಗುರ ಆಗ್ತೈತ್ರಿ ಸರ್. ಅಕಿಗೆ ಭಾರ ಆಗ್ತೈತಿ."

ಸಿದ್ಧರಾಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಎಷ್ಟು ಖರೆ ಮಾತು. ಕೈಮುಗಿದು ನಿಂತರೆ ಜನ ಅವನನ್ನೇ ದೊಡ್ಡವನೆಂದು ಹೊಗಳುತ್ತಿದ್ದರು, ಅದಕ್ಕೂ ಒಂದು ಚಪ್ಪಾಳೆ ಬೀಳುತ್ತಿತ್ತು. ತಪ್ಪೊಪ್ಪಿಕೊಳ್ಳುವುದಕ್ಕೂ ಭೀಮಶ್ಯಾನ ಬೆನ್ನೇ ಬೇಕಾಗಿತ್ತು ಅವನಿಗೆ.

"ಆತ ಕಾಕಾ. ಹೇಳಂಗಿಲ್ಲ," ಎಂದ.

"ಮತ್ತ, ಮಂದಿ ಮುಂದ ಕಾಕಾ ಅನಬ್ಯಾಡ್ರಿ. ಯಾಕ ಅಂತ ಅಕಿ ಕೇಳ್ತಾಳ," ಎಂದು ಭೀಮಶ್ಯಾ ಬಾರಿಗೆ ಎತ್ತಿಕೊಂಡ.

ವಾರದೊಳಗೆ ಮೊಳೆಗಳು ಹೋದವು. ಕ್ಯಾಂಟೀನಿಗೆ ಒಂದೇ ನಮೂನೆಯ ಗ್ಲಾಸುಗಳು ಬಂದವು. ಯಾರ ಹೆಸರೂ ಇಲ್ಲ, ಯಾರು ಬಂದರೂ ಕೈಗೆ ಸಿಕ್ಕದ್ದು. ಕುಡಿದ ಗ್ಲಾಸುಗಳನ್ನು ಮಾಸ್ತರರು, ಹುಡುಗರು ಪಾಳಿಯ ಮೇಲೆ ತೊಳೆಯಬೇಕು, ಮೊದಲ ಪಾಳಿ ಸಿದ್ಧರಾಮನದೇ. ಕಾಗದದ ಕಪ್ಪು ತಿರುಗಿ ಬರಲಿಲ್ಲ, ಆಡುಗಳೂ ಸಾಯಲಿಲ್ಲ. ಮೊದಲೇ ಹೀಗೆ ಮಾಡಬಹುದಿತ್ತು. ಮೊದಲು ಇದು ಯಾಕೆ ಹೊಳೆಯಲಿಲ್ಲ ಎಂಬುದು ಈಗ ಅವನಿಗೆ ಚೆನ್ನಾಗಿ ಗೊತ್ತು. ಕಾರಣ ಕೇಳಿದವರಿಗೆಲ್ಲ "ಮೊಳಿ ಹೊಡದ್ರ ಗೋಡಿ ಹಾಳಾಗ್ತೈತಿ" ಎಂದ. ಇಂಥ ಪೊಳ್ಳು ಕಾರಣ ಯಾರು ನಂಬುತ್ತಾರೆ? ಮಾತಿಗೆ ನಿಲ್ಲದ ಮನುಷ್ಯ, ಮೂರು ದಿನದ ಹುರುಪು ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ಅವನು ಅವರನ್ನು ನಗಲು ಬಿಟ್ಟ.

ಹಿಂದಿನ ಗೋಡೆಯ ಮೊಳೆಗಳನ್ನು ಮಾತ್ರ ಯಾರಿಗೂ ಹೇಳದೆ ಇಕ್ಕಳ ಹಿಡಿದು ತಾನೇ ಕಿತ್ತ. ಕೊನೆಯದನ್ನು ಕೀಳುವಾಗ ಬೆನ್ನ ಹಿಂದೆ ಪ್ರಜ್ಞಾ ಬಂದು ನಿಂತಳು.

"ಸರ್, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಹೇಳ್ತೇನಿ. ಅಷ್ಟೂ ಹೆಸರ ನಾ ಬರದಿದ್ದೆ. ಅಪ್ಪನ ಗ್ಲಾಸ್ ಒಂದ ದಿನಾನೂ ಈ ಮೊಳಿಗೆ ಬೀಳ್ಲಿಲ್ಲ. ನನಗ ಭಾಳ ಬ್ಯಾಸರಾತು. ಸರ್ ಹೇಳೂದೊಂದು ಮಾಡೂದೊಂದು ಅಂತ ಮನ್ಯಾಗ ನಿಮಗ ಬೈದೆ ಖರೇನ. ಅಪ್ಪ ನನಗ ತಿರುಗಿ ಬೈದ."

"ಏನಂದ್ರು?" ಸಿದ್ಧರಾಮ ಗೋಡೆಯ ಕಡೆಗೇ ಮುಖ ಮಾಡಿದ್ದ.

"ಆ ದಿನದ ಫೋಟೋ ತೋರಿಸಿ, ಹಂಗ್ಯಾಕ ಬಗ್ಗಿದಿ ಅಪ್ಪಾ ಅಂತ ಕೇಳಿದೆ. ಅವಾಗ ಹೇಳಿದ. ಹರೇದಾಗ ನಿಮ್ಮ ಹೊಟೇಲಿಗೆ ಚಾಕ್ಕ ಬರ್ತಿದ್ದನಂತ. ಉಳದವ್ರಿಗೆ ನಿಮ್ಮಪ್ಪ ಹಾಕಿದ್ರ, ನಮ್ಮಪ್ಪಗ ನೀವ ಆಟ ಬಿಟ್ಟ ಓಡಿ ಬಂದು ಹಾಕ್ತಿದ್ರಂತ. ನೀವು ಅವಾಗ ಭಾಳ ಗಿಡ್ಡ ಇದ್ರಂತ್ರಿ. ನಿಮ್ಮ ಕೈಗೆ ನಿಲುಕ್ಲಿ ಅಂತ ಅಪ್ಪ ಬಗ್ತಿದ್ದನಂತ. ಅದ ರೂಢಿ ಉಳದೈತಿ ಅಂದ. ಅಂಥಾ ಸರ್‌ಗೆ ಏನೂ ಅನಬ್ಯಾಡ ಅಂದ. ಖರೇ ಏನ್ರಿ ಸರ್?"

ಸಿದ್ಧರಾಮನ ಕಣ್ಣ ಮುಂದೆ ಆ ಹೊಟೇಲಿನ ಕಟ್ಟೆ ಬಂದು ನಿಂತಿತು. ಅದರ ಮೇಲೆ ನಿಂತ ಹುಡುಗ ಯಾವತ್ತೂ ಗಿಡ್ಡನಾಗಿರಲಿಲ್ಲ.

"ಹೂಂ ಅವ್ವಾ," ಎಂದ. "ಓಡಿ ಬರ್ತಿದ್ದೆ."

ಹುಡುಗಿಯ ಮುಖ ತಿಳಿಯಾಯಿತು. "ಆ ಫೋಟೋಕ್ಕ ಗಾಜಿನ ಕಟ್ಟ ಹಾಕ್ಸೇವ್ರಿ. ಮನ್ಯಾಗ ಗ್ವಾಡಿಗೆ ಹಾಕಾಕ ಮೊಳಿ ಇಲ್ಲ. ಇದೊಂದ ಒಯ್ಯಲೇನ್ರಿ?"

ಇಕ್ಕಳದ ಬಾಯಲ್ಲಿದ್ದ ಮೊಳೆ ಸ್ವಲ್ಪ ಸೊಟ್ಟಾಗಿತ್ತು. ಸಿದ್ಧರಾಮ ಅದನ್ನು ಕಲ್ಲಿನ ಮೇಲಿಟ್ಟು, ಕುಟ್ಟಿ ನೆಟ್ಟಗೆ ಮಾಡಿ, ಅವಳ ಕೈಗೆ ಕೊಟ್ಟ.